ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಾಗಿ ಉಡುಪಿ, ದಕ್ಷಿಣ ಕನ್ನಡದಲ್ಲಿ ಕಾಡನ್ನೇ ನಂಬಿದ ಸಮುದಾಯ ಯಾವುದೆಂದು ಗುರುತಿಸುವುದು ಹೇಗೆ?

ಸೀತಾನದಿ: ಗ್ರಾಮಸಭೆಗೆ ಹೆಸರು ಪಟ್ಟಿ ಮಾಡುವವರು ಮೊದಲು ಪರಿಶಿಷ್ಟ ಪಂಗಡಗಳ ಪಟ್ಟಿ ನೋಡಿ. ಮಲೆಕುಡಿಯರಿದ್ದಾರೆ, ಕೊರಗರಿದ್ದಾರೆ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಾದದ್ದು ಜೇನುಕುರುಬರು ಮತ್ತು ಕೊರಗರು ಮಾತ್ರ. ಪಂಗಡ ಯಾವುದೆಂದು ಗುರುತಿಸಲು 1965ರ ಲೋಕೂರ್ ಸಮಿತಿ ಐದು ಲಕ್ಷಣ ಹೇಳಿದೆ, ಅಷ್ಟು ಸಾಕು.

ಪೇಟೆಬದಿ: ಕೊರಗರಾ? ಅವರ ಕಾಲೊನಿಗಳು ಹೆಚ್ಚಿನವು ಊರ ಅಂಚಿನಲ್ಲಿ ಉಂಟು. ಅರಣ್ಯ ಹಕ್ಕು ಕಾಯ್ದೆಯ ಕಲಂ 2(ಸಿ) ಕಾಡಿನ ಅವಲಂಬನೆಯ ಜೊತೆಗೆ ಮುಖ್ಯವಾಗಿ ಕಾಡಿನಲ್ಲಿ ವಾಸವನ್ನೂ ಕೇಳುತ್ತದೆ.

ಬೂರುಬಳ್ಳಿ: ವಾಸ ಬಿಡಿ ಮಾರಾಯ್ರೆ, ಕೊರಗರು ಹೆಣೆಯುವ ಬುಟ್ಟಿ ನೋಡಿ. ಅನ್ನ ಬಸಿಯುವ ಕುಡುಪಿಗೆ ಕಾಡಿನ ಬಳ್ಳಿಯೇ ಆಗಬೇಕು. ಸಿಪ್ಪೆ ತೆಗೆದು, ಹಸಿ ಇರುವಾಗಲೇ ಹೆಣೆಯಬೇಕು. ಒಣಗಿತೋ, ಬಗ್ಗಿಸಿದಲ್ಲೇ ಸೀಳುತ್ತದೆ. ಬಳ್ಳಿ ಕೊಯ್ಯಲು ಬಿಡದಿದ್ದರೆ ಕಸುಬು ಹೋಗುತ್ತದೆ, ಯಾವ ಬಳ್ಳಿ ಯಾವುದಕ್ಕೆ ಎಂಬ ತಿಳಿವಳಿಕೆಯೂ ಅದರ ಜೊತೆಗೇ ಹೋಗುತ್ತದೆ. ಕಾಯ್ದೆಯ ಕಲಂ 3(1)(ಸಿ) ಓದಿ: ಕಿರು ಅರಣ್ಯ ಉತ್ಪನ್ನದ ಹಕ್ಕು ಗ್ರಾಮದ ಗಡಿಯ ಒಳಗೂ ಹೊರಗೂ ಉಂಟು.

ಘಟ್ಟದಬುಡ: ಪಟ್ಟಿ ಪಟ್ಟಿ ಎನ್ನುತ್ತೀರಿ, ಕುಡುಬಿಯರು ಎಲ್ಲಿ? ತಲೆಮಾರುಗಳಿಂದ ಕುಮ್ಕಿ ಬೇಸಾಯ ಮಾಡಿದವರು. ಪಂಗಡದ ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಕಾಡಿನ ನಂಟೇ ಇಲ್ಲವಾ?

ವರ್ಗದಾರ: ಕುಮ್ಕಿ ಬೇಸಾಯವಾ? ವರ್ಗ ಜಾಗಕ್ಕೆ (ಖಾಸಗಿ ಪಟ್ಟಾ ಜಾಗಕ್ಕೆ) ತಾಗಿ 100 ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ವರ್ಗದಾರರ ಸವಲತ್ತಿಗೆ ಕುಮ್ಕಿ ಎನ್ನುವುದು. ಗೊತ್ತಿಲ್ಲದೆ ಬರೆಯಬೇಡಿ.

ಘಟ್ಟದಬುಡ: ಕುಮರಿ ಎಂದು ಓದಿಕೊಳ್ಳಿ. ಮರ ಕಡಿದು, ಒಣಗಿಸಿ, ಸುಟ್ಟು, ಬೂದಿಗೆ ರಾಗಿ ಬಿತ್ತಿ, ಒಂದೆರಡು ಬೆಳೆಯಾದ ಮೇಲೆ ಜಾಗ ಬದಲಿಸುವುದು. ಒಂದು ಅಕ್ಷರಕ್ಕೆ ಇಷ್ಟು ಗಲಾಟೆ!

ವರ್ಗದಾರ: ಆ ಅಕ್ಷರಕ್ಕೇ ಅರ್ಜಿ ತಿರಸ್ಕಾರವಾಗುತ್ತದೆ. ಕುಮ್ಕಿ ಎಂದರೆ ಕಂದಾಯ ಜಾಗ, ಕಾಯ್ದೆ ಇರುವುದು ಅರಣ್ಯ ಭೂಮಿಗೆ. ಮತ್ತೆ, ನೀವೇ ಹೇಳಿದಿರಿ, ಜಾಗ ಬದಲಿಸುವುದು ಅಂತ. 75 ವರ್ಷ ಒಂದೇ ಕಡೆ ಇದ್ದದ್ದಕ್ಕೆ ಎಂತ ದಾಖಲೆ?

ಘಟ್ಟದಬುಡ: "ಒಂದೇ ಕಡೆ" ನಿಮ್ಮ ಸೇರ್ಪಡೆ. ಪಂಗಡದ ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷದ ಲೆಕ್ಕದಲ್ಲಿ, ಮುಖ್ಯವಾಗಿ ಅರಣ್ಯದಲ್ಲಿ ವಾಸವಿದ್ದು ಅದನ್ನು ಅವಲಂಬಿಸಿರಬೇಕು. ಅದೇ ಗದ್ದೆಯನ್ನು 75 ವರ್ಷ ಉತ್ತಿರಬೇಕು ಎಂದು ಎಲ್ಲಿಯೂ ಇಲ್ಲ.

ವರ್ಗದಾರ: ಹಾಗಾದರೆ 1930ರ ಕಾಗದ ಹಾಕಿ ಇಲ್ಲಿ.

ಬೂರುಬಳ್ಳಿ: ಕಾಗದವೇ ಆಗಬೇಕೆಂದಿಲ್ಲ. ಈ ಕಾಯ್ದೆಯ ನಿಯಮ 13ರಲ್ಲಿ ಹಳೇ ಬಾವಿ, ಸ್ಮಶಾನ, ಪವಿತ್ರ ಸ್ಥಳ, ವಂಶಾವಳಿ, ಹಿರಿಯರ ಹೇಳಿಕೆ ಎಲ್ಲ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಬೇಕು. ಎಡವುವುದು ಹೇಳಿಕೆಯಲ್ಲಿ: ಅರ್ಜಿದಾರರೇ ಹೇಳಿ ಸಹಿ ಹಾಕುತ್ತಾರೆ, ಇಲ್ಲವೇ ಬಾಯಲ್ಲಿ ಹೇಳಿಸಿ ಬಿಡುತ್ತಾರೆ. ಅರ್ಜಿದಾರರಲ್ಲದ ಹಿರಿಯರು ಹೇಳಬೇಕು, ಅದು ಬರಹದಲ್ಲಿರಬೇಕು. ಬನ (ದೇವರ ಕಾಡು), ಬಾವಿ ಎಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಿ.

ಸೀತಾನದಿ: ಬನ ಇದ್ದವರೆಲ್ಲ ಕಾಡಿನವರಾದರೆ ತುಳುನಾಡಿನಲ್ಲಿ ಯಾರೂ ಉಳಿಯುವುದಿಲ್ಲ. ನಾಗಬನ ಪ್ರತಿ ಮನೆತನಕ್ಕೂ ಉಂಟು.

ಬೂರುಬಳ್ಳಿ: ಬನ ಒಂದೇ ಎಂದು ಯಾರು ಹೇಳಿದ್ದು? "ಒಂದಕ್ಕಿಂತ ಹೆಚ್ಚು" ಓದಲಿಲ್ಲವಾ?

ಪೇಟೆಬದಿ: ಕಾಲೊನಿಯ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ವರ್ಗದಾರ: ಮೇಲೆ ಕುಮ್ಕಿ ಎಂದೇ ಉಂಟು ಇನ್ನೂ. ಮೊದಲು ಅದನ್ನು ತಿದ್ದಿ.