ಸಿನ್ಸಿನಾಟಿಯಿಂದ ಒಂದೇ ದಿನ: ಲೆವಿ ಕಾಫಿನ್ ಮನೆಯೋ, ರಿಪ್ಲೆಯೋ?

ಕುವೆಂಪುನಗರ ಮೇಷ್ಟ್ರು (ಮೈಸೂರು)

ಸೆಪ್ಟೆಂಬರ್‌ನಲ್ಲಿ ಸಿನ್ಸಿನಾಟಿಗೆ, ಮಗಳ ಮನೆಗೆ ಹೊರಟಿದ್ದೇವೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರನ್ನು ಬಚ್ಚಿಟ್ಟು ಮುಂದಕ್ಕೆ ಕಳಿಸುತ್ತಿದ್ದ ಮನೆ ಒಂದನ್ನಾದರೂ ನೋಡಬೇಕು ಅಂತಿದೆ. ಅಳಿಯಂದಿರಿಗೆ ಬಿಡುವು ಒಂದು ಶನಿವಾರ ಮಾತ್ರ. ಇಂಡಿಯಾನಾದ ಲೆವಿ ಕಾಫಿನ್ ಮನೆಯ ಹೆಸರು ಕೇಳಿದ್ದೇನೆ, ಓಹಾಯೋದಲ್ಲಿ ರಿಪ್ಲೆ ಅಂತ ಇನ್ನೊಂದು ಊರೂ ಇದೆಯಂತೆ. ಯಾವುದಕ್ಕೆ ಹೋಗೋದು? ಮನೆಯವರಿಗೆ ಮಂಡಿನೋವು, ಹಾಗಾಗಿ ಮೆಟ್ಟಿಲು ಎಷ್ಟಿದೆ ಅನ್ನೋದು ಮುಖ್ಯ. ಸುರಂಗ ಏನಾದರೂ ತೋರಿಸ್ತಾರಾ? ಇನ್ನೊಂದು ವಿಷಯ, ಇದನ್ನು ಹೈಸ್ಕೂಲ್ ಮಕ್ಕಳಿಗೆ ಹೇಳುವಾಗ 'ಜೀತ' ಅಂದರೆ ಸರಿಹೋಗುತ್ತಾ?

ಮಂಡ್ಯ ಬೆಲ್ಲ

ಒಂದೇ ದಿನ ಅಂದ್ರೆ ರಿಪ್ಲೆ ಕಣ್ರೀ, ಎರಡನೇ ಮಾತಿಲ್ಲ. ಸಿನ್ಸಿನಾಟಿಯಿಂದ ನದಿ ಪಕ್ಕದಲ್ಲೇ ಯುಎಸ್ 52 ಹಿಡಿದು ಸುಮಾರು 50 ಮೈಲಿ, ಮೈಸೂರಿಂದ ಚನ್ನಪಟ್ಟಣದಷ್ಟು. ಅಲ್ಲಿ ಒಂದಲ್ಲ, ಎರಡು ಮನೆ ಇವೆ.

ಗುಡ್ಡದ ಮೇಲಿರೋದು ಪಾದ್ರಿ ಜಾನ್ ರ‍್ಯಾಂಕಿನ್ ಮನೆ. 1820ರ ದಶಕದ ಕೊನೆಯಲ್ಲಿ ಕಟ್ಟಿದ ಸಣ್ಣ ಇಟ್ಟಿಗೆ ಮನೆ. ಗಂಡ ಹೆಂಡತಿ, ಹದಿಮೂರು ಮಕ್ಕಳು, ಅದರ ಜೊತೆಗೆ ರಾತ್ರಿ ಬಂದವರು! ಒಳಗೆ ನಿಂತಾಗ ಈ ಲೆಕ್ಕ ನೆನಪಿಟ್ಟುಕೊಳ್ಳಿ. ಊರಿಂದ ಗುಡ್ಡಕ್ಕೆ ನೂರು ಮೆಟ್ಟಿಲು ಅಂತ ಹೆಸರಾದ ದಾರಿ ಇದೆ. ಚಾಮುಂಡಿ ಬೆಟ್ಟದ ಸಾವಿರ ಹತ್ತಿದವರಿಗೆ ಅದೇನಲ್ಲ, ಆದರೆ ಮಂಡಿನೋವಿನವರು ಹತ್ತೋದು ಬೇಡ. ಹಿಂದುಗಡೆಯಿಂದ ಕಾರು ಸೀದಾ ಮೇಲಕ್ಕೆ ಹೋಗುತ್ತೆ.

ಮನೆ ಮುಂದೆ ನಿಂತು ಕೆಳಗೆ ನೋಡಿ. ಆಚೆ ದಡ ಕೆಂಟಕಿ, ಗುಲಾಮಗಿರಿ ಇದ್ದ ರಾಜ್ಯ. ಈಚೆ ದಡ ಓಹಾಯೋ, 1787ರ ಕಾನೂನಿನಿಂದಲೇ ಗುಲಾಮಗಿರಿ ನಿಷಿದ್ಧ. ತಪ್ಪಿಸಿಕೊಂಡು ಬರೋರಿಗೆ ಗುರುತಾಗಿ ಇಡುತ್ತಿದ್ದ ಈ ಕಿಟಕಿಯ ಬೆಳಕು ಆಚೆ ದಡಕ್ಕೆ ಕಾಣುತ್ತಿತ್ತು ಅನ್ನೋದು ಅಲ್ಲಿ ನಿಂತರೆ ತಾನೇ ಅರ್ಥ ಆಗುತ್ತೆ, ಗೈಡ್ ಬೇಕಿಲ್ಲ.

ಆದರೆ ನದಿ ನೋಡಿ ಮೋಸ ಹೋಗಬೇಡಿ. ಕೆಆರ್‌ಎಸ್ ಕಟ್ಟೆ ಕಟ್ಟಿದ ಮೇಲಿನ ಹಿನ್ನೀರು ನೋಡಿ ಹಳೇ ಕಾವೇರಿಯನ್ನ ಊಹಿಸಿಕೊಂಡ ಹಾಗಾಗುತ್ತೆ. ಓಹಾಯೋ ನದಿಗೂ ಆಮೇಲೆ ಸಾಲಾಗಿ ಅಣೆಕಟ್ಟು ಹಾಕಿ ನೀರು ನಿಲ್ಲಿಸಿದ್ದಾರೆ. ಆಗ ಇಷ್ಟು ಅಗಲ, ಆಳ ಇರಲಿಲ್ಲ. ನೀರು ಇಳಿದ ಕಾಲದಲ್ಲಿ ಕೆಲವು ಕಡೆ ನಡೆದೇ ದಾಟಬಹುದಿತ್ತು, ಕಡುಚಳಿಗೆ ಹೆಪ್ಪುಗಟ್ಟುತ್ತಿತ್ತು. 1838ರಲ್ಲಿ ಕೂಸು ಎತ್ತಿಕೊಂಡ ತಾಯಿಯೊಬ್ಬಳು ಬಿರಿಯುತ್ತಿದ್ದ ಮಂಜುಗಡ್ಡೆ ಮೇಲೆ ದಾಟಿ ಈ ಮನೆಗೇ ಬಂದಳು ಅನ್ನೋ ಪ್ರಸಿದ್ಧ ಕಥೆ ಈಗಿನ ನದಿ ನೋಡಿದರೆ ನಂಬೋಕಾಗಲ್ಲ, ಆಗಿನ ನದಿ ಗೊತ್ತಿದ್ದರೆ ನಂಬಬಹುದು.

ಎರಡನೇದು ಕೆಳಗೆ ಫ್ರಂಟ್ ಸ್ಟ್ರೀಟ್‌ನಲ್ಲಿ, ನದಿಗೆ ಎದುರಾಗಿರೋ ಜಾನ್ ಪಾರ್ಕರ್ ಮನೆ. ಪಾರ್ಕರ್ ಹುಟ್ಟಿದ್ದೇ ಗುಲಾಮಗಿರಿಯಲ್ಲಿ. ಕಬ್ಬಿಣ ಎರಕದ ಕೆಲಸ ಕಲಿತು, ದುಡಿದು, 1845ರಲ್ಲಿ 1,800 ಡಾಲರ್ ಕೊಟ್ಟು ತನ್ನನ್ನೇ ತಾನು ಕೊಂಡುಕೊಂಡವರು. ಹಗಲು ಎರಕದ ಕಾರ್ಖಾನೆ, ರಾತ್ರಿ ದೋಣಿಯಲ್ಲಿ ಕೆಂಟಕಿಗೆ ಹೋಗಿ ಜನರನ್ನು ಕರೆತರೋದು. ಬಾಗಿಲು ತೆರೆದವರ ಮನೆ ಮಾತ್ರ ನೋಡಿ ಬಂದರೆ ಅರ್ಧ ಕಥೆ ಅಷ್ಟೇ.

ಎರಡೂ ಕಡೆ ಚಳಿಗಾಲದಲ್ಲಿ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತೆ. ಪಾರ್ಕರ್ ಮನೆ ವಾರದಲ್ಲಿ ಕೆಲವೇ ದಿನ ತೆಗೆಯೋದು. ಹೊರಡೋ ಹಿಂದಿನ ದಿನ ಫೋನ್ ಮಾಡಿಸಿ.

ಒಂಟಿಕೊಪ್ಪಲ್ ಹಿಸ್ಟರಿ

ಬೆಲ್ಲದವರು ಕಾಫಿನ್ ಮನೆಯನ್ನು ತೀರಾ ತಳ್ಳಿಹಾಕಿಬಿಟ್ಟರು. ಬಚ್ಚಿಡುವುದಕ್ಕೆ ಮನೆಯೊಂದು ಹೇಗೆ ಕೆಲಸ ಮಾಡುತ್ತಿತ್ತು ಅನ್ನುವುದು ತಿಳಿಯಬೇಕಾದರೆ ಆ ಮನೆ ಇರುವ ಇಂಡಿಯಾನಾದ ಫೌಂಟನ್ ಸಿಟಿಯೇ ಮೇಲು. ಸಿನ್ಸಿನಾಟಿಯಿಂದ ಸುಮಾರು 70 ಮೈಲಿ, ರಿಚ್ಮಂಡ್ ದಾಟಿ ಯುಎಸ್ 27ರ ಪಕ್ಕದಲ್ಲೇ ಇದೆ.

1839ರ ಇಟ್ಟಿಗೆ ಮನೆ, ಎಂಟು ಕೋಣೆ. ಹೊರಗಿಂದ ನೋಡಿದರೆ ಯಾವ ವಿಶೇಷವೂ ಇಲ್ಲ. ಒಳಗೆ ಮೂರು ಸಂಗತಿ ತಪ್ಪದೆ ನೋಡಿ. ನೆಲಮಾಳಿಗೆಯಲ್ಲೇ ಬಾವಿ ಇದೆ. ಒಂದು ಸಂಸಾರದ ಮನೆಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಅಂಗಳದ ಬಾವಿಯಿಂದ ಸೇದಿದರೆ ಅಕ್ಕಪಕ್ಕದವರಿಗೆ ಗುಟ್ಟು ರಟ್ಟಾಗುವುದಿಲ್ಲವೇ? ಎರಡನೆಯದಾಗಿ, ಹೆಚ್ಚಿನ ಕೋಣೆಗಳಿಗೆ ಎರಡು ಬಾಗಿಲು, ಒಂದರಲ್ಲಿ ಹುಡುಕುವವರು ಬಂದರೆ ಇನ್ನೊಂದರಲ್ಲಿ ಹೊರಗೆ. ಮೂರನೆಯದು ಮಹಡಿಯಲ್ಲಿ, ಮಾಡಿನ ಇಳಿಜಾರಿನ ಕೆಳಗೆ ಗಿಡ್ಡ ಬಾಗಿಲಿನ ಇಕ್ಕಟ್ಟು ಜಾಗ. ಬಾಗಿಲಿಗೆ ಅಡ್ಡವಾಗಿ ಮಂಚ ತಳ್ಳಿದರೆ ಮುಗಿಯಿತು. ಅಡಿಯಲ್ಲಿ ಕಳ್ಳ ಅರೆ ಇರುವ ಕುದುರೆಗಾಡಿಯೂ ಅಲ್ಲಿದೆ.

ಮನೆಯೊಳಗೆ ಗೈಡ್ ಜೊತೆಗೇ ಹೋಗಬೇಕು. ಮೆಟ್ಟಿಲು ಕಿರಿದು, ಕಡಿದು, ಲಿಫ್ಟ್ ಇಲ್ಲ. ನಿಮ್ಮ ಮನೆಯವರು ನೆಲಮಾಳಿಗೆ ಅಥವಾ ಮಹಡಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪಕ್ಕದ ಹೊಸ ಮಾಹಿತಿ ಕೇಂದ್ರದಲ್ಲಿ ಆ ತೊಂದರೆ ಇಲ್ಲ.

ಪಾಠದಲ್ಲಿ ಸಾಮಾನ್ಯವಾಗಿ ಆಗುವ ಒಂದು ತಪ್ಪು ಹೇಳಿಬಿಡುತ್ತೇನೆ. ತಪ್ಪಿಸಿಕೊಂಡವರಿಗೆ ನೆರವಾದರೆ 1,000 ಡಾಲರ್ ದಂಡ, ಆರು ತಿಂಗಳ ಸೆರೆ ಅನ್ನುವುದು 1850ರ ಕಾಯ್ದೆ. ಕಾಫಿನ್ ದಂಪತಿ 1847ರಲ್ಲೇ ಆ ಊರು ಬಿಟ್ಟು ಸಿನ್ಸಿನಾಟಿಗೆ ಹೋಗಿದ್ದರು. ಆ ಮನೆಯ ಕಾಲಕ್ಕೆ ಇದ್ದದ್ದು 1793ರ ಕಾಯ್ದೆ, ದಂಡ 500 ಡಾಲರ್. 1850ರದ್ದರಲ್ಲಿ ಇನ್ನೂ ಹೇಸಿಗೆಯ ಸಂಗತಿ ಇದೆ: ಸಿಕ್ಕಿಬಿದ್ದವರನ್ನು ಒಡೆಯನಿಗೆ ಒಪ್ಪಿಸಿದರೆ ತೀರ್ಪು ಕೊಟ್ಟ ಕಮಿಷನರ್‌ಗೆ 10 ಡಾಲರ್, ಬಿಟ್ಟುಬಿಟ್ಟರೆ 5.

ಪಾಂಡವಪುರ ಪ್ಯಾಸೆಂಜರ್

ಸುರಂಗ ಕೇಳಿದ್ರಲ್ಲ ಮೇಷ್ಟ್ರೇ. ಅರಮನೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆ ಅಂತ ನಮ್ಮಲ್ಲಿ ಹೇಳ್ತಾರಲ್ಲ, ಹಾಗೇ ಅಲ್ಲಿ ಪ್ರತಿ ಹಳೇ ಮನೆಗೂ ಒಂದು ಸುರಂಗದ ಕಥೆ. ಹೆಚ್ಚಿನವು ಬರೀ ಕೋಸು, ಆಲೂಗಡ್ಡೆ ಇಡುತ್ತಿದ್ದ ನೆಲಮಾಳಿಗೆ. ಸುರಂಗ ನೋಡಲೇಬೇಕು ಅಂದ್ರೆ ವಿಸ್ಕಾನ್ಸಿನ್‌ನ ಮಿಲ್ಟನ್ ಹೌಸ್‌ಗೆ ಹೋಗಬೇಕು, ಅದು ನಿಮ್ಮ ದಾರಿಯಲ್ಲ. ಕೌದಿಯ ವಿನ್ಯಾಸದಲ್ಲಿ ಗುಪ್ತ ಸಂಕೇತ ಇತ್ತು ಅನ್ನೋದೂ ಅಷ್ಟೇ, ಆ ಕಾಲದ ಒಂದು ದಾಖಲೆಯೂ ಇಲ್ಲ. ಅಂಗಡಿಯಲ್ಲಿ ಕಂಡರೆ ಚೆನ್ನಾಗಿದೆ ಅಂತ ಕೊಳ್ಳಿ, ಪಾಠದಲ್ಲಿ ಸೇರಿಸಬೇಡಿ.

ಹಾಂ, ತಪ್ಪಿಸಿಕೊಂಡವರನ್ನು ಮನೆಯಿಂದ ಮನೆಗೆ ಗುಟ್ಟಾಗಿ ದಾಟಿಸುತ್ತಿದ್ದ ಈ ಜಾಲಕ್ಕೆ 'ಅಂಡರ್‌ಗ್ರೌಂಡ್ ರೈಲ್‌ರೋಡ್' ಅಂತ ಹೆಸರು, ಆದರೆ ಹಳಿಯೂ ಇಲ್ಲ, ರೈಲೂ ಇಲ್ಲ. ಸ್ಟೇಷನ್ ಅಂದರೆ ಮನೆ, ಕಂಡಕ್ಟರ್ ಅಂದರೆ ದಾರಿ ತೋರಿಸೋರು.

ಒಂಟಿಕೊಪ್ಪಲ್ ಹಿಸ್ಟರಿ

ಜೀತದ ಪ್ರಶ್ನೆ ಉಳಿಯಿತು. ಅನ್ನಬೇಡಿ. ಜೀತಕ್ಕೆ ಸಾಲದ ನೆಪ ಇರುತ್ತದೆ. ಕಾಗದದ ಮೇಲಾದರೂ ಸಾಲ ತೀರಿದರೆ ಬಿಡುಗಡೆ, ಆ ಜೀತ ಪದ್ಧತಿಯನ್ನೂ ನಮ್ಮಲ್ಲಿ 1976ರ ಕಾಯ್ದೆ ರದ್ದು ಮಾಡಿತು. ಅಮೆರಿಕದ ಗುಲಾಮಗಿರಿಯಲ್ಲಿ ಮನುಷ್ಯನೇ ಆಸ್ತಿ. ಉಯಿಲಿನಲ್ಲಿ ದನಕರುಗಳ ಪಟ್ಟಿಯ ಜೊತೆ ಹೆಸರು. ತಾಯಿ ಗುಲಾಮಳಾದರೆ ಹುಟ್ಟಿದ ಕೂಸೂ ಗುಲಾಮ, ವರ್ಜೀನಿಯಾದಲ್ಲಿ 1662ರಿಂದಲೇ ಇದು ಕಾನೂನು.

ಓಹಾಯೋ ಮುಟ್ಟಿದರೂ ಕೆನಡಾಕ್ಕೆ ಯಾಕೆ ಓಡುತ್ತಿದ್ದರು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಓಹಾಯೋದಿಂದ ಹಿಡಿದು ವಾಪಸ್ ಒಯ್ಯಲು ಕಾನೂನೇ ಅವಕಾಶ ಕೊಟ್ಟಿತ್ತು. ಕೆನಡಾ ಬ್ರಿಟಿಷರದ್ದು, ಅಲ್ಲಿ 1834ರಿಂದ ಗುಲಾಮಗಿರಿ ಇಲ್ಲ. ಅದೇ ಬ್ರಿಟಿಷ್ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತ್ತು. ಭಾರತಕ್ಕೆ ಬೇರೆ ಕಾಯ್ದೆ ಬಂದದ್ದು 1843ರಲ್ಲಿ. ತರಗತಿಯಲ್ಲಿ ಇದನ್ನು ಬಿಡಬೇಡಿ.

ಕುವೆಂಪುನಗರ ಮೇಷ್ಟ್ರು (ಮೈಸೂರು)

ಎಲ್ಲರಿಗೂ ವಂದನೆ. ಬೆಳಿಗ್ಗೆ ಬೇಗ ಹೊರಟರೆ ಎರಡೂ ಆಗಲ್ವಾ?

ಮಂಡ್ಯ ಬೆಲ್ಲ

ಆಗಲ್ಲ ಸಾರ್. ರಿಪ್ಲೆಯಿಂದ ವಾಪಸ್ 50, ಮತ್ತೆ ಉತ್ತರಕ್ಕೆ 70 ಮೈಲಿ. ಕಾಫಿನ್ ಮನೆಯ ಕೊನೇ ಟೂರ್ ತಪ್ಪಿದರೆ ಹೊರಗಿಂದ ಗೋಡೆ ನೋಡಿ ಬರಬೇಕಾಗುತ್ತೆ. ಅದರ ಬದಲು ಅಳಿಯಂದಿರ ರಜೆ ಖರ್ಚಾಗದ ಹಾಗೆ, ಬೇರೆ ದಿನ ಸಿನ್ಸಿನಾಟಿ ಊರೊಳಗೇ ನದಿ ದಡದಲ್ಲಿರೋ ಫ್ರೀಡಂ ಸೆಂಟರ್‌ಗೆ ಹೋಗಿ. 2004ರಲ್ಲಿ ಶುರುವಾದ ದೊಡ್ಡ ಮ್ಯೂಸಿಯಂ. ಅಲ್ಲಿ ದಿಮ್ಮಿ ಜೋಡಿಸಿ ಕಟ್ಟಿದ 21 ಅಡಿ, 30 ಅಡಿಯ ಎರಡಂತಸ್ತಿನ ಕೊಟ್ಟಿಗೆ ಒಂದಿದೆ. ದಕ್ಷಿಣಕ್ಕೆ ಮಾರೋಕೆ ಒಯ್ಯೋ ಮುಂಚೆ ಜನರನ್ನು ಕೂಡಿಹಾಕುತ್ತಿದ್ದ ಜಾಗ. ಕೆಂಟಕಿಯ ಮೇಸನ್ ಕೌಂಟಿಯಿಂದ ಬಿಚ್ಚಿ ತಂದು ಹಾಗೇ ಜೋಡಿಸಿದ್ದಾರೆ. ಮೇಸನ್ ಕೌಂಟಿ ಇರೋದು ರಿಪ್ಲೆಗೆ ಎದುರಿಗೇ, ಆಚೆ ದಡದಲ್ಲಿ. ಮೊದಲು ಅದನ್ನ ನೋಡಿ, ಆಮೇಲೆ ಶನಿವಾರ ರ‍್ಯಾಂಕಿನ್ ಗುಡ್ಡ ಹತ್ತಿ.

ರಿಪ್ಲೆ ಸಣ್ಣೂರು, ನಮ್ಮೂಟ ಸಿಗಲ್ಲ, ಪುಳಿಯೋಗರೆ ಕಟ್ಟಿಕೊಳ್ಳಿ. ಮೊದಲು ಕೆಳಗಿನ ಪಾರ್ಕರ್ ಮನೆ ಮುಗಿಸಿ. ಸೆಪ್ಟೆಂಬರ್ ಬೆಳಿಗ್ಗೆ ಆ ಕಣಿವೆಯಲ್ಲಿ ಮಂಜು ಕಟ್ಟುತ್ತೆ, ಬೇಗ ಗುಡ್ಡ ಹತ್ತಿದರೆ ನದಿಯೂ ಕಾಣಲ್ಲ, ಆಚೆ ದಡವೂ ಕಾಣಲ್ಲ. ಹನ್ನೊಂದರ ಮೇಲೆ ಹೋಗಿ.