ಧ್ವನಿ ನಿಂತಿದೆ, ಮರೆವು ಯಾಕೆ ಹೋಗಿಲ್ಲ?

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತಿವೆ. ಆದರೆ ಅಂಗಡಿಯಿಂದ ಮೂರು ಸಾಮಾನು ತಾ ಅಂದರೆ ಒಂದೇ ತರುತ್ತಾನೆ. ಅಪ್ಪ ಸೋಮಾರಿ ಅಂತ ಬೈಯುತ್ತಾರೆ. ಮಾತ್ರೆ ಜಾಸ್ತಿ ಆಯ್ತಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ಸೋಮಾರಿತನ ಅಲ್ಲ ಅಂತ ಮೊದಲು ಅಪ್ಪನಿಗೆ ಹೇಳಿ. ಗಮನ, ನೆನಪು, ಯೋಚನೆಯ ವೇಗ ಕುಗ್ಗುವುದು ಈ ಕಾಯಿಲೆಯ ಭಾಗವೇ. ಎಷ್ಟೋ ಜನರಲ್ಲಿ ಧ್ವನಿ ಕೇಳಿಸುವುದಕ್ಕೆ ವರ್ಷಗಳ ಮೊದಲೇ, ಶಾಲೆ-ಕಾಲೇಜಿನಲ್ಲಿದ್ದಾಗಲೇ, ಸಣ್ಣದಾಗಿ ಶುರುವಾಗಿರುತ್ತದೆ. ಮಾತ್ರೆಗಳು ಧ್ವನಿ, ಅನುಮಾನಗಳನ್ನು ತಗ್ಗಿಸುತ್ತವೆ. ಮರೆವಿಗೆ ಅವುಗಳಿಂದ ಅಷ್ಟಾಗಿ ಉಪಯೋಗ ಇಲ್ಲ. ಮನೆಯವರಿಗೆ ‘ಹುಷಾರಾಗಿದ್ದಾನೆ, ಆದರೂ ಹೀಗೆ’ ಅನ್ನಿಸುವುದು ಇದಕ್ಕೇ.

ಹಾಗಂತ ಮಾತ್ರೆಯದ್ದು ಏನೂ ಇಲ್ಲ ಅಂತಲ್ಲ. ಚೀಟಿಯಲ್ಲಿ ಟ್ರೈಹೆಕ್ಸಿಫೆನಿಡಿಲ್ ಇದೆಯಾ ನೋಡಿ. ಕೈ ನಡುಕ, ಮೈ ಬಿಗಿತಕ್ಕೆ ಕೊಡುವ ಮಾತ್ರೆ ಅದು. ಅದರಿಂದ ಮರೆವು ಹೆಚ್ಚಾಗಬಹುದು. ಒಮ್ಮೆ ಬರೆದದ್ದು ಎಷ್ಟೋ ಸಲ ಸುಮ್ನೆ ಮುಂದುವರಿಯುತ್ತಿರುತ್ತದೆ. ‘ಇದು ಇನ್ನೂ ಬೇಕಾ?’ ಅಂತ ಡಾಕ್ಟರನ್ನು ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಸಾಮಾನಿಗೆ ಕಳಿಸುವಾಗ ಬರೆದು ಕೊಡಿ, ಅದರಲ್ಲಿ ನಾಚಿಕೆ ಏನಿದೆ?

ಇನ್ನೊಬ್ಬರ ಪ್ರಶ್ನೆ: ನನಗೆ ಬೈಪೋಲಾರ್ (ಮೂಡ್ ಒಮ್ಮೆ ಅತಿಯಾಗಿ ಏರುವ, ಒಮ್ಮೆ ಕುಸಿಯುವ ಕಾಯಿಲೆ), ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೂಡ್ ಸರಿಯಿದೆ. ಆದರೂ ಆಫೀಸಿನಲ್ಲಿ ಲೆಕ್ಕ ನೋಡುವಾಗ ತಲೆ ಓಡಲ್ಲ. ನನಗೂ ಇದೇ ಗತಿನಾ?

ಉತ್ತರ: ಈಗಲೇ ಹೆದರಬೇಡಿ. ಬೈಪೋಲಾರ್‌ನಲ್ಲಿ ಮೂಡ್ ಸರಿಯಿದ್ದಾಗಲೂ ಕೆಲವರಿಗೆ ಇದು ಉಳಿಯುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಸ್ಕಿಜೋಫ್ರೇನಿಯಾದಷ್ಟು ಇರುವುದಿಲ್ಲ, ಎಷ್ಟೋ ಜನರಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಷ್ಟು ದಿನ ಆಯಿತು? ಲಿಥಿಯಂನಿಂದ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಬಹುದು, ಆಗ ತಲೆ ಮಂದವಾಗುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತಲೂ ನೋಡಿಸಿ. ನಿದ್ದೆ ಕೆಟ್ಟಿದ್ದರೆ, ಒಳಗೊಳಗೇ ಸ್ವಲ್ಪ ಬೇಸರ ಉಳಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಮೊದಲು ಕೇಳಿದವರು: ತಮ್ಮನಿಗೆ ಮೆಮೊರಿ ಟಾನಿಕ್ ಕೊಡಬಹುದಾ?

ಉತ್ತರ: ದುಡ್ಡು ದಂಡ. ಕಾಗ್ನಿಟಿವ್ ರೆಮಿಡಿಯೇಷನ್ ಅನ್ನುವ ತರಬೇತಿ ಇದೆ. ಗಮನ, ನೆನಪುಗಳಿಗೆ ಹಂತ ಹಂತವಾಗಿ ಅಭ್ಯಾಸ ಕೊಡಿಸುತ್ತಾರೆ. ಬರೀ ಕಂಪ್ಯೂಟರ್ ಮುಂದೆ ಕೂರಿಸಿದರೆ ಸಾಲದು. ಜೊತೆಗೆ ಒಂದು ನಿಜವಾದ ಕೆಲಸವೂ ಇದ್ದರೆ ಫಲ ಜಾಸ್ತಿ. ದಿನಾ ಬೆವರು ಬರುವಷ್ಟು ನಡೆದರೂ ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗ ಇದೆ. ಅದು ದೂರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು ಅಂತ ಕೇಳಿ.