ಅಗ್ಗದ ಪೆಟ್ರೋಲೂ ಶೀನಣ್ಣನ ಲೆಕ್ಕವೂ

ಪೆಟ್ರೋಲ್ ಬೆಲೆ ಗ್ಯಾಲನ್‌ಗೆ, ಅಂದರೆ ಸುಮಾರು 3.8 ಲೀಟರಿಗೆ, 3 ಡಾಲರ್‌ಗಿಂತ ಕೆಳಗೆ ಬಂತು ಅಂದರೆ ನಮ್ಮ ಶೀನಣ್ಣನ ಮುಖಕ್ಕೆ ಒಂದು ಕಳೆ ಬರುತ್ತದೆ. ಬೆಲೆ ಇಳಿಸಿದ್ದೇ ಇವರು ಅನ್ನಬೇಕು, ಹಾಗೆ ಓಡಾಡುತ್ತಾರೆ.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಇವರ ಮನೆ. ಶನಿವಾರ ಮಧ್ಯಾಹ್ನ ನಾವು ನಾಲ್ಕೈದು ಜನ ಅಲ್ಲಿ ಸೇರುತ್ತೇವೆ. ಇಸ್ಪೀಟಾಡೋಕೆ ಅಂತ ಹೆಸರು. ಎಲೆ ಕಲಸಿ ಹಂಚುವ ಹೊತ್ತಿಗೆ ಯಾರಾದರೂ ಬಾಯಿ ಬಿಟ್ಟಿರುತ್ತಾರೆ, ಆಟ ಅಲ್ಲಿಗೆ ಮುಗಿಯಿತು. ರಿಟೈರ್ ಆದ ಮೇಲೆ ಶೀನಣ್ಣ ಅಡುಗೆಮನೆ ಹಿಡಿದಿದ್ದಾರೆ. ಇಸ್ಪೀಟಿನಲ್ಲಿ ನಮ್ಮೆಲ್ಲರನ್ನೂ ಸೋಲಿಸುವವರು ಅವರ ಹೆಂಡತಿ ಪದ್ಮಕ್ಕ. ಹಾಗಾಗಿ ಶೀನಣ್ಣನ ಭಾಷಣವೆಲ್ಲ ಒಲೆ ಹತ್ತಿರದಿಂದಲೇ, ಕೈಯಲ್ಲಿ ಜಾಲರಿ ಸೌಟು ಹಿಡಿದು.

ಆವತ್ತು ಬಾಯಿ ಬಿಟ್ಟವನು ರಘು. ಅವನ ಹಳೇ ವ್ಯಾನ್ ಉಸಿರು ಬಿಡೋಕೆ ಶುರು ಮಾಡಿದೆ. ಊರಿಂದ ಅತ್ತೆ ಮಾವ ಬೇರೆ ಬರುತ್ತಿದ್ದಾರೆ.

"ಟೊಯೊಟಾದ ಸಿಯೆನ್ನಾ ವ್ಯಾನೇ ತಗೊಳ್ಳೋಣ ಅಂತಾಳೆ ಸುಧಾ. ಪೆಟ್ರೋಲ್ ಇಷ್ಟು ಅಗ್ಗ ಇರುವಾಗ ಹೈಬ್ರಿಡ್ ತಗೊಳ್ಳೋದಾ, ಸಾದಾ ತಗೊಳ್ಳೋದಾ?"

ಅಷ್ಟೇ ಅಂದಿದ್ದು. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇರುವ ಗಾಡಿ. ಸೋಫಾದಲ್ಲಿ ಫೋನ್ ನೋಡುತ್ತಾ ಕೂತಿದ್ದ ಸುಧಾ ಏನೋ ಹೇಳೋಕೆ ತಲೆ ಎತ್ತಿದಳು. ಅಷ್ಟರಲ್ಲಿ ಶೀನಣ್ಣ ಬೋಂಡಾ ಎಣ್ಣೆಯಲ್ಲೇ ಬಿಟ್ಟು ಹೊರಗೆ ಬಂದಿದ್ದರು.

"ಅಗ್ಗದ ಕಾಲದಲ್ಲಿ ಹೈಬ್ರಿಡ್ ಅಂದ್ರೆ ಮಳೆ ಬಾರದ ಊರಲ್ಲಿ ಕೊಡೆ ಇದ್ದ ಹಾಗೆ ಕಣೋ. ದುಡ್ಡು ದಂಡ."

"ಮಳೆ ಬಂದ ದಿನ ಕೊಡೆ ಮಾರೋನು ರೇಟು ಎಷ್ಟು ಹೇಳ್ತಾನೆ ಗೊತ್ತಾ?" ಅಂದರು ಪದ್ಮಕ್ಕ, ಎಲೆಯಿಂದ ಕಣ್ಣು ತೆಗೆಯದೆ. "2022ರಲ್ಲಿ ನೋಡಿಲ್ವಾ? ಹೈಬ್ರಿಡ್ ಬೇಕು ಅಂದ್ರೆ ತಿಂಗಳುಗಟ್ಟಲೆ ಕಾಯಿರಿ, ಕಂಪನಿ ಹಾಕಿದ ಸ್ಟಿಕರ್ ಬೆಲೆ ಮೇಲೆ ಇನ್ನೂ ಕೊಡಿ ಅಂತಿದ್ರು."

ಪದ್ಮಕ್ಕ 2022 ಅಂದಿದ್ದೇ ತಪ್ಪಾಯಿತು. ಶೀನಣ್ಣನಿಗೆ ಮಕ್ಕಳ ಹುಟ್ಟಿದಹಬ್ಬ ನೆನಪಿರುವುದಿಲ್ಲ, ಪೆಟ್ರೋಲ್ ಬೆಲೆ ನೆನಪಿರುತ್ತದೆ. ಸೌಟು ಅಲ್ಲಾಡಿಸುತ್ತಾ ಒಂದೊಂದೇ ಬಿಚ್ಚಿದರು. 2008ರ ಜುಲೈನಲ್ಲಿ ಅಮೆರಿಕದ ಸರಾಸರಿ ಗ್ಯಾಲನ್‌ಗೆ 4 ಡಾಲರ್ ದಾಟಿತ್ತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ 2 ಡಾಲರ್‌ಗಿಂತ ಕೆಳಗೆ. 2016ರ ಶುರುವಿನಲ್ಲಿ ಮತ್ತೆ 2ರ ಒಳಗೆ. 2020ರ ಏಪ್ರಿಲ್ 20ಕ್ಕಂತೂ ವಾಯಿದೆ ಪೇಟೆಯಲ್ಲಿ ಕಚ್ಚಾತೈಲದ ಬ್ಯಾರೆಲ್ ಬೆಲೆ ಸೊನ್ನೆಗಿಂತ 37 ಡಾಲರ್ ಕೆಳಗೆ ಹೋಯಿತು. ಅಂದರೆ ಎಣ್ಣೆ ತಗೊಂಡು ಹೋಗಿ ಅಂತ ಅವರೇ ದುಡ್ಡು ಕೊಡಬೇಕು.

"ಆವತ್ತು ಒಂದು ಡ್ರಮ್ ತಂದು ಬೇಸ್‌ಮೆಂಟಲ್ಲಿ ಇಡೋಣ ಅಂದೆ, ಇವಳು ಒಪ್ಪಲಿಲ್ಲ."

"ಬಚ್ಚಲಿಗೆ ಉರಿ ಹಾಕ್ತಿದ್ರಾ ಅದರಲ್ಲಿ?" ಅಂದರು ಪದ್ಮಕ್ಕ.

ಆಮೇಲೆ ಎರಡೇ ವರ್ಷ. 2022ರ ಜೂನ್‌ನಲ್ಲಿ ಸರಾಸರಿ 5 ಡಾಲರ್. "ನೋಡಿದ್ಯಾ, ಮತ್ತೆ ಇಳೀತು! ಏರಿದ್ದು ಇಳಿದೇ ಇಳಿಯುತ್ತೆ" ಅಂತ ಶೀನಣ್ಣ ಮುಗಿಸಿದರು. ಇಳಿದದ್ದು ಏರಿದ ಕಥೆಯನ್ನೂ ತಾವೇ ಈಗಷ್ಟೇ ಹೇಳಿದ್ದು ಅವರ ಲಕ್ಷ್ಯಕ್ಕೆ ಬರಲಿಲ್ಲ. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಆ ಪಟ್ಟಿಯಲ್ಲಿ 2 ಡಾಲರ್ ಒಳಗಿನ ಯಾವ ಅಗ್ಗವೂ ಒಂದು ಕಾರ್ ಸಾಲ ತೀರುವವರೆಗೆ ಬಾಳಿದ್ದಿಲ್ಲ. ಇಲ್ಲಿಯವರು ಐದಾರು ವರ್ಷದ ಸಾಲ ಮಾಡಿ, ಹತ್ತು ಹನ್ನೆರಡು ವರ್ಷ ಓಡಿಸುವ ಗಾಡಿಯನ್ನು, ಆ ವಾರ ಪಂಪಿನ ಬೋರ್ಡಿನಲ್ಲಿ ಕಂಡ ನಂಬರ್ ನೋಡಿ ಆರಿಸುತ್ತಾರೆ.

ಗುರುರಾಜ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. ಅವನದು ಪ್ರಿಯಸ್, ಟೊಯೊಟಾದ ಹೈಬ್ರಿಡ್ ಕಾರು. ಅದರ ವಂಶಾವಳಿ ಕೇಳಿದರೆ ತಡೆಯಿಲ್ಲದೆ ಒಪ್ಪಿಸುತ್ತಾನೆ. 1997ರ ಡಿಸೆಂಬರ್‌ನಲ್ಲಿ ಜಪಾನ್, 2000ದಲ್ಲಿ ಅಮೆರಿಕ. ಅದಕ್ಕೂ ಸ್ವಲ್ಪ ಮುಂಚೆ ಹೋಂಡಾ ಇನ್‌ಸೈಟ್ ಇಲ್ಲಿಗೆ ಬಂದಿತ್ತು ಅಂತ ಯಾರಾದರೂ ನೆನಪಿಸಿದರೆ "ಅದು ಎರಡು ಸೀಟಿಂದು, ಬಿಡಿ" ಅನ್ನುತ್ತಾನೆ.

ಅವನ ಪಕ್ಕ ಕೂತು ಹೋಗುವುದು ಒಂದು ಅನುಭವ. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಬಾಣಗಳು ಓಡಾಡುತ್ತಿರುತ್ತವೆ. ಎಂಜಿನ್‌ನಿಂದ ಚಕ್ರಕ್ಕೆ, ಬ್ಯಾಟರಿಯಿಂದ ಮೋಟಾರಿಗೆ. ಬ್ರೇಕ್ ಒತ್ತಿದರೆ ಮೋಟಾರೇ ಜನರೇಟರ್ ಆಗಿ, ಬಾಣ ತಿರುಗಿ ಚಕ್ರದಿಂದ ಬ್ಯಾಟರಿಗೆ ಹೋಗುತ್ತದೆ. ಸಾದಾ ಕಾರಿನಲ್ಲಿ ಬ್ರೇಕ್ ಬಿಸಿಯಾಗಿ ಪೋಲಾಗುವ ಶಕ್ತಿ ಇಲ್ಲಿ ಬಹಳಷ್ಟು ವಾಪಸ್ ಸಿಗುತ್ತದೆ. ಅದಕ್ಕೇ ಪ್ಯಾಡುಗಳೂ ಜಾಸ್ತಿ ದಿನ ಬರುತ್ತವೆ. ಎಲ್ಲ ಸರಿ. ಆದರೆ ಆ ಬಾಣ ತಿರುಗುವುದನ್ನು ನೋಡುವ ಆಸೆಗೆ ಗುರು ಬೇಡದ ಕಡೆಯೂ ಬ್ರೇಕ್ ಹಾಕುತ್ತಾನೆ. ಹಿಂದಿನವರು ಹಾರ್ನ್ ಮಾಡಿದರೆ "ಪಾಪ, ಅವರದು ಬರೀ ಪೆಟ್ರೋಲು" ಅನ್ನುತ್ತಾನೆ.

"ಶೀನಣ್ಣ, ಬಾಯಿಮಾತು ಬೇಡ. ಲೆಕ್ಕ ಹಾಕೋಣ" ಅಂತ ಗುರು ಸ್ಕೋರ್ ಬರೆಯುವ ಹಾಳೆಯನ್ನೇ ಎಳೆದುಕೊಂಡ. ಪದ್ಮಕ್ಕ ಗೆದ್ದಿದ್ದ ಪಾಯಿಂಟುಗಳ ಕೆಳಗೇ ಲೆಕ್ಕ ಶುರುವಾಯಿತು.

ಹೋಲಿಕೆಗೆ ಆರಿಸಿಕೊಂಡದ್ದು 2024ರ ಟೊಯೊಟಾ ಕ್ಯಾಮ್ರಿ ಕಾರು, ಆ ವರ್ಷ ಅದು ಎರಡೂ ಥರ ಸಿಗುತ್ತಿತ್ತು. ಸಾದಾದು ಗ್ಯಾಲನ್‌ಗೆ 32 ಮೈಲಿ, ಹೈಬ್ರಿಡ್ 52. ಬೆಲೆಯಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಎರಡೂವರೆ ಸಾವಿರ ಡಾಲರ್. ವರ್ಷಕ್ಕೆ 12,000 ಮೈಲಿ ಓಡಿಸಿದರೆ ಒಂದಕ್ಕೆ 375 ಗ್ಯಾಲನ್, ಇನ್ನೊಂದಕ್ಕೆ 231. ಉಳಿಯುವುದು 144 ಗ್ಯಾಲನ್.

"ಗ್ಯಾಲನ್‌ಗೆ 3 ಡಾಲರ್ ಅಂದ್ರೆ ವರ್ಷಕ್ಕೆ 432. ಆರು ವರ್ಷದೊಳಗೆ ಹಾಕಿದ ದುಡ್ಡು ಬಂತು."

"2 ಡಾಲರ್ ಆದ್ರೆ?"

ಗುರು ಗೀಚಿದ. "288. ಒಂಬತ್ತು ವರ್ಷ ಹತ್ತಿರ ಆಗುತ್ತೆ."

"ಹಾಂ! ಒಂಬತ್ತು ವರ್ಷ! ಅಷ್ಟರಲ್ಲಿ ನಾನೇ ಇರ್ತೀನೋ ಇಲ್ವೋ."

"5 ಆದ್ರೆ ಮೂರೂವರೆ ವರ್ಷ ಶೀನಣ್ಣ, ಅಷ್ಟು ದಿನ ಇರ್ತೀರಾ?"

ಶೀನಣ್ಣ ಒಳಗೆ ಹೋಗಿ ಕಪ್ಪಾದ ಬೋಂಡಾಗಳನ್ನು ಎತ್ತಿಕೊಂಡು ಬಂದರು. ಯಾರೂ ಏನೂ ಅನ್ನದೆ ತಿಂದೆವು.

ಹೊಸ ಪಾಯಿಂಟು ಅವರ ಬಳಿ ತಯಾರಿತ್ತು. "ಈ ಲೆಕ್ಕ ಊರೊಳಗೆ ಓಡಿಸೋನಿಗೆ. ನಾನು ಟರ್ನ್‌ಪೈಕ್ ಮೇಲೆ ಹೋಗೋನು. ಅಲ್ಲಿ ಬ್ರೇಕ್ ಎಲ್ಲಿ, ಬಾಣ ಎಲ್ಲಿ?" ಇದರಲ್ಲಿ ಹುರುಳಿದೆ. ಹೈಬ್ರಿಡ್‌ನ ನಿಜವಾದ ಲಾಭ ನಿಂತು ನಿಂತು ಹೋಗುವ ಕಡೆ. ಸಿಗ್ನಲ್‌ನಲ್ಲಿ ಎಂಜಿನ್ ಆಫ್, ತೆವಳುವಾಗ ಬ್ಯಾಟರಿ. ನೇರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವನಿಗೆ ಸಿಗುವುದು ಕಡಿಮೆ. ಚಳಿಗಾಲದಲ್ಲಿ ಇನ್ನೂ ಕಡಿಮೆ. ಹೀಟರ್ ಹಾಕಿದರೆ ಆ ಬಿಸಿಗಾಗಿಯೇ ಎಂಜಿನ್ ಓಡುತ್ತಿರಬೇಕು. ಮನೆಯಿಂದ ಎರಡು ಮೈಲಿ ದೂರದ ಪಟೇಲ್ ಅಂಗಡಿಗೆ ಕೊತ್ತಂಬರಿ ತರೋಕೆ ಜನವರಿಯಲ್ಲಿ ಹೋಗಿ ಬಂದರೆ ಗುರುವಿನ ಪ್ರಿಯಸ್ ಕೂಡ ಬಡಾಯಿ ಕೊಚ್ಚುವುದಿಲ್ಲ.

ಅದೇ ಕಾರಣಕ್ಕೆ ನ್ಯೂಯಾರ್ಕಿನ ಟ್ಯಾಕ್ಸಿಯವರು ಹೈಬ್ರಿಡ್ ಇಟ್ಟುಕೊಂಡಿದ್ದು. ಅವರಿಗೆ ಭೂಮಿ ಉಳಿಸುವ ಉಮೇದು ಎಷ್ಟಿದೆಯೋ ಗೊತ್ತಿಲ್ಲ. ಮ್ಯಾನ್‌ಹಟ್ಟನ್‌ನಲ್ಲಿ ದಿನವಿಡೀ ನಿಂತು ಹೊರಡುವವರಿಗೆ ಸಂಜೆ ಜೇಬಿನಲ್ಲಿ ಉಳಿಯುವುದು ಮುಖ್ಯ. ಬ್ಯಾಟರಿ ಹೋದರೆ ಏನು ಗತಿ ಅಂತ ರಘು ಕೇಳಿದಾಗ ಗುರು ಆ ಟ್ಯಾಕ್ಸಿಗಳನ್ನೇ ತೋರಿಸಿದ. ಜೊತೆಗೆ 2020ರ ಮಾಡೆಲ್‌ನಿಂದ ಟೊಯೊಟಾ ಹೈಬ್ರಿಡ್ ಬ್ಯಾಟರಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ಕೊಡುತ್ತಿರುವುದನ್ನೂ ಹೇಳಿದ.

"ಬ್ಯಾಟರಿ ಬಿಡು, ನಿನ್ನ ಸೈಲೆನ್ಸರ್ ಕಥೆ ಹೇಳು" ಅಂದರು ಶೀನಣ್ಣ. ಗುರುವಿನ ಮುಖ ಸಣ್ಣಗಾಯಿತು.

ಕಥೆ 2021ರದು. ಬೆಳಿಗ್ಗೆ ಅಪಾರ್ಟ್‌ಮೆಂಟಿನಿಂದ ಕಾರು ಎಂದಿನಂತೆ ಸದ್ದಿಲ್ಲದೆ ಹೊರಟಿತು. ಗೇಟಿನ ಹತ್ತಿರ ಎಂಜಿನ್ ಎದ್ದುಕೊಂಡಿತು ನೋಡಿ, ಇಡೀ ಕಾಂಪ್ಲೆಕ್ಸ್ ಕೂಡ ಎದ್ದುಕೊಂಡಿತು. ರಾತ್ರಿ ಯಾರೋ ಕಾರಿನಡಿ ಮಲಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೊಯ್ದುಕೊಂಡು ಹೋಗಿದ್ದರು. ಹೊಗೆ ಶುದ್ಧ ಮಾಡುವ ಆ ಡಬ್ಬಿಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ. ರೋಡಿಯಂ ಬೆಲೆ ಆ ವರ್ಷ ಚಿನ್ನದ ಹತ್ತು ಪಟ್ಟು ದಾಟಿತ್ತು. ಕಳ್ಳರಿಗೆ ಪ್ರಿಯಸ್ ಅಂದರೆ ಬಲು ಪ್ರೀತಿ, ಏಕೆಂದರೆ ಅದರ ಡಬ್ಬಿಗೆ ಗುಜರಿಯಲ್ಲಿ ಒಳ್ಳೇ ಬೆಲೆ.

"ಪೆಟ್ರೋಲಲ್ಲಿ ಉಳಿಸಿದ್ದನ್ನ ಕಳ್ಳ ಬಡ್ಡಿ ಸಮೇತ ಇಸ್ಕೊಂಡ" ಅಂತ ಶೀನಣ್ಣ ಬಲು ಖುಷಿಯಾಗಿ ನಕ್ಕರು. "ನನ್ನ ಆರು ಸಿಲಿಂಡರಿನ ವಿ6 ಕಾರು ನೋಡು. ಕಿಟಕಿ ತೆಗೆದಿಟ್ಟರೂ ಯಾರೂ ಮುಟ್ಟಲ್ಲ."

"ನಾನೇ ಮುಟ್ಟಲ್ಲ" ಅಂದರು ಪದ್ಮಕ್ಕ.

ಅಷ್ಟರಲ್ಲಿ ಬೆಂಗಳೂರಿನಿಂದ ಪದ್ಮಕ್ಕನ ತಮ್ಮನ ವಾಟ್ಸಾಪ್ ಕರೆ. ಅಲ್ಲಿ ನಡುರಾತ್ರಿ ದಾಟಿತ್ತು, ಏರ್‌ಪೋರ್ಟಿಗೆ ಯಾರನ್ನೋ ಬಿಡೋಕೆ ಹೊರಟಿದ್ದ. ಶೀನಣ್ಣ ಫೋನ್ ಕಿತ್ತುಕೊಂಡು "ಇಲ್ಲಿ ಪೆಟ್ರೋಲ್ ಎಷ್ಟು ಅಗ್ಗ ಆಗಿದೆ ಗೊತ್ತೇನೋ?" ಅಂದರು. ಆ ಕಡೆಯಿಂದ ಲೀಟರ್ ಲೆಕ್ಕ ಕೇಳಿದ. ನಾವು ಹಾಳೆಯಲ್ಲಿ ಗುಣಿಸಿ ಭಾಗಿಸಿ ಹೇಳಿದೆವು, ಹತ್ತಿರ ಹತ್ತಿರ 70 ರೂಪಾಯಿ. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ "ಭಾವ, ಇಲ್ಲಿ ನೂರರ ಮೇಲೆ. ನೀವು ಇದನ್ನ ಕೂತು ಚರ್ಚೆ ಮಾಡ್ತಿದೀರಾ?" ಅಂದ. ಸಿಲ್ಕ್ ಬೋರ್ಡಿನಲ್ಲಿ ನಿಂತು ಸುಟ್ಟ ಪೆಟ್ರೋಲಿನಲ್ಲಿ ಇಷ್ಟು ಹೊತ್ತಿಗೆ ಇನ್ನೊಂದು ಕಾರು ಬರುತ್ತಿತ್ತು ಅಂತ ಅವನ ಅಳಲು. ಪದ್ಮಕ್ಕ ಫೋನ್ ವಾಪಸ್ ಇಸ್ಕೊಂಡರು.

ಗುರು ಸುಧಾರಿಸಿಕೊಂಡು ಇನ್ನೊಂದು ಕಥೆ ತೆಗೆದ. ಅವನ ಸ್ನೇಹಿತನೊಬ್ಬ ಆಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ. ಅಲ್ಲಿನ ಸರ್ಕಾರ ಹೈಬ್ರಿಡ್‌ಗಳಿಗೆ 85,000 ಹಳದಿ ಸ್ಟಿಕರ್ ಹಂಚಿತ್ತು. ಅಂಟಿಸಿಕೊಂಡರೆ ಒಬ್ಬನೇ ಇದ್ದರೂ, ಹೆಚ್ಚು ಜನ ಕೂತ ಕಾರುಗಳಿಗೆ ಮೀಸಲಾದ ಕಾರ್‌ಪೂಲ್ ಲೇನಿನಲ್ಲಿ ನುಗ್ಗಬಹುದು. ಸ್ಟಿಕರ್ ಇದ್ದ ಹಳೇ ಪ್ರಿಯಸ್‌ಗೆ ಇಲ್ಲದ್ದಕ್ಕಿಂತ ಜಾಸ್ತಿ ಬೆಲೆ. ಆ ಪುಣ್ಯಾತ್ಮ ಮೈಲೇಜು ಕೇಳಲೇ ಇಲ್ಲವಂತೆ, ಸ್ಟಿಕರ್ ನೋಡಿ ಚೆಕ್ ಬರೆದನಂತೆ. 2011ರ ಜುಲೈ 1ಕ್ಕೆ ಆ ಸ್ಟಿಕರ್ ರದ್ದಾಯಿತು. ಜುಲೈ 2ರಿಂದ ಅವನಿಗೂ ಮೈಲೇಜಿನ ಬಗ್ಗೆ ಆಸಕ್ತಿ ಬಂತು.

ನನಗನ್ನಿಸುವುದು, ಜನ ಮೊದಲು ಕಾರು ಆರಿಸಿ ಆಮೇಲೆ ಲೆಕ್ಕ ಮಾಡುತ್ತಾರೆ. 2006ರಲ್ಲಿ ಪ್ರಿಯಸ್ ಕೊಂಡವರಿಗೆ ಕೇಂದ್ರ ಸರ್ಕಾರ 3,150 ಡಾಲರ್ ತೆರಿಗೆ ಬಿಡುತ್ತಿತ್ತು. ಕಂಪನಿ 60,000 ಮಾರಿದ ಮೇಲೆ ಅದು ಕರಗುತ್ತಾ 2007ರ ಅಕ್ಟೋಬರ್‌ಗೆ ಸೊನ್ನೆಯಾಯಿತು. ಆಮೇಲೂ ಕೊಂಡರು. ಗುರುವಿಗೆ ಆ ಬಾಣಗಳು ಬೇಕು. ಶೀನಣ್ಣನಿಗೆ ಆಕ್ಸಿಲರೇಟರ್ ಒತ್ತಿದರೆ ಬರುವ ಸದ್ದು ಬೇಕು. ಇಬ್ಬರೂ ಪೆಟ್ರೋಲಿನ ಹೆಸರಿನಲ್ಲಿ ಜಗಳವಾಡುತ್ತಾರೆ.

"ಒಂದು ಮಾತು ಹೇಳಲಾ?" ಅಂದಳು ಸುಧಾ. ಅಷ್ಟು ಹೊತ್ತಿಗೆ ಕಾಫಿ ಬಂದಿತ್ತು, ಎಲ್ಲರ ಬಾಯಿಯೂ ಲೋಟದಲ್ಲಿತ್ತು, ಅದಕ್ಕೇ ಅವಕಾಶ ಸಿಕ್ಕಿತು.

"ಕ್ಯಾಮ್ರಿ ಲೆಕ್ಕ ನಮಗ್ಯಾಕೆ? ನಮ್ಮ ಹಳೇ ವ್ಯಾನ್ ಗ್ಯಾಲನ್‌ಗೆ 21 ಮೈಲಿ ಕೊಡುತ್ತೆ. ಹೈಬ್ರಿಡ್ ಸಿಯೆನ್ನಾ 36. ಅದೇ 12,000 ಮೈಲಿಗೆ ಹಾಕಿ ನೋಡಿ ಗುರು."

ಗುರು ಹಾಕಿದ. 571ರಲ್ಲಿ 333 ಕಳೆದರೆ 238 ಗ್ಯಾಲನ್. ಅವನೇ ಹುಬ್ಬೇರಿಸಿದ. ಕ್ಯಾಮ್ರಿಯಲ್ಲಿ 20 ಮೈಲಿ ಜಾಸ್ತಿ ಆದಾಗ ಉಳಿದದ್ದು 144. ಇಲ್ಲಿ 15 ಮೈಲಿಯಷ್ಟೇ ಜಾಸ್ತಿ, ಉಳಿತಾಯ 238.

"ತಪ್ಪಾಗಿದೆ, ಕೊಡಿಲ್ಲಿ" ಅಂತ ಶೀನಣ್ಣ ಕನ್ನಡಕ ಹಾಕಿಕೊಂಡರು. ತಪ್ಪಿರಲಿಲ್ಲ.

ಈ ಮೋಸ ಎಲ್ಲರಿಗೂ ಆಗುತ್ತದಂತೆ. ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ ಅನ್ನುವವರು 2008ರಲ್ಲಿ ಇದನ್ನೇ ಬರೆದಿದ್ದಾರೆ ಅಂದಳು ಸುಧಾ. ಗ್ಯಾಲನ್‌ಗೆ ಎಷ್ಟು ಮೈಲಿ ಅಂತ ನೋಡಿದರೆ ಮನಸ್ಸು ಎಡವುತ್ತದೆ. ನೂರು ಮೈಲಿಗೆ ಎಷ್ಟು ಗ್ಯಾಲನ್ ಅಂತ ನೋಡಬೇಕು. 2013ರ ಮಾಡೆಲ್‌ನಿಂದ ಇಲ್ಲಿ ಹೊಸ ಕಾರಿನ ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ಅದನ್ನೂ ಬರೆದಿರುತ್ತಾರೆ. ಜಾಸ್ತಿ ಕುಡಿಯುವ ದೊಡ್ಡ ಗಾಡಿಯನ್ನು ಸ್ವಲ್ಪ ಸುಧಾರಿಸಿದರೂ ಲಾಭ ಹೆಚ್ಚು. ಮೊದಲೇ ಕಡಿಮೆ ಕುಡಿಯುವುದನ್ನು ಇನ್ನೂ ಸುಧಾರಿಸಿದರೆ ಹೆಮ್ಮೆ ಹೆಚ್ಚು. ಈ ಕೊನೇ ಮಾತು ಅವಳು ಗುರುವನ್ನು ನೋಡಿಕೊಂಡೇ ಅಂದಳು.

"ಆದರೂ ಪೆಟ್ರೋಲ್ ಅಗ್ಗ ಇದ್ರೆ..." ಅಂತ ಶೀನಣ್ಣ ಮತ್ತೆ ಶುರು ಮಾಡಿದರು. ರಘು ಹಾಳೆ ತಿರುಗಿಸಿ ಹಿಂದಿನ ಪುಟದಲ್ಲಿ ಎರಡು ಕಾಲಮ್ ಎಳೆದ, ಒಂದರ ಮೇಲೆ "ಸಾದಾ ಸಿಯೆನ್ನಾ", ಇನ್ನೊಂದರ ಮೇಲೆ "ಹೈಬ್ರಿಡ್ ಸಿಯೆನ್ನಾ" ಅಂತ ಬರೆದ.

"ಮೊದಲನೇದು ಹೊಡೆದುಹಾಕು" ಅಂದಳು ಸುಧಾ. "ಅದು ಸಿಗೋದೇ ಇಲ್ಲ. 2021ರಿಂದ ಸಿಯೆನ್ನಾ ಬರ್ತಿರೋದೇ ಹೈಬ್ರಿಡ್ ಒಂದೇ. 2025ರಿಂದ ಕ್ಯಾಮ್ರೀನೂ ಅಷ್ಟೇ. ಆಗಲೇ ಹೇಳೋಕೆ ಬಂದೆ, ಯಾರು ಬಿಟ್ರಿ?"

ಶೀನಣ್ಣ ಸೌಟು ಕೆಳಗಿಟ್ಟರು. ಗುರು ಗೆದ್ದೆ ಅಂತ ನಗೋಕೆ ಹೋಗಿ, ಯಾರ ಮೇಲೆ ಗೆದ್ದದ್ದು ಅಂತ ತಿಳಿಯದೆ ಸುಮ್ಮನಾದ.

"ಹಾಗಾದ್ರೆ ಯೋಚನೆ ಮಾಡೋಣ, ಅರ್ಜೆಂಟೇನಿದೆ" ಅಂದ ರಘು.

"ಅಡ್ವಾನ್ಸ್ ಕೊಟ್ಟು ಎರಡು ವಾರ ಆಯ್ತು ರೀ. ಬಣ್ಣ ಮಾತ್ರ ಹೇಳಬೇಕು ಅಂದಿದ್ದಾರೆ."

"ಬಿಳಿ ಬೇಡ, ಇಲ್ಲಿ ಸ್ನೋನಲ್ಲಿ ಕಾಣಲ್ಲ" ಅಂದರು ಶೀನಣ್ಣ ತಕ್ಷಣ.

"ಕಪ್ಪು ಬೇಡ, ಬೇಸಿಗೇಲಿ ಏಸಿ ಜಾಸ್ತಿ ಬೇಕಾಗುತ್ತೆ, ಮೈಲೇಜ್ ಬೀಳುತ್ತೆ" ಅಂತ ಗುರು ಪೆನ್ನು ಕೈಗೆ ತಗೊಂಡ.

ಪದ್ಮಕ್ಕ ಎಲೆ ಕಲಸಿ ಮತ್ತೆ ಡಬ್ಬಿಗೆ ಹಾಕಿದರು.